ಗುಡ್ಡ ಕುಸಿದಾಗ ಕೇಸು ಯಾರ ಮೇಲೆ?

ಮಳೆಗಾಲ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿಯಲ್ಲಿ, ಇತ್ತ ದೇವಿಮನೆ, ಅರಬೈಲು ಘಟ್ಟಗಳಲ್ಲಿ ಎಲ್ಲಾದರೊಂದು ಕಡೆ ಗುಡ್ಡ ಜಾರುವುದು ತಪ್ಪಿದ್ದಲ್ಲ. ಜಾರಿದ ಮರುದಿನ ಚಹಾ ಅಂಗಡಿಯಲ್ಲೂ ಟಿವಿಯಲ್ಲೂ ಒಂದೇ ಮಾತು: “ಇಷ್ಟೆಲ್ಲ ವಿಜ್ಞಾನಿಗಳಿದ್ದಾರಲ್ಲ, ಮೊದಲೇ ಹೇಳೂಕೆ ಏನಾಗಿತ್ತು? ಅವರನ್ನೇ ಒಳಗೆ ಹಾಕ್ಬೇಕು.” 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೆ ನುಗ್ಗಿ, ಸತ್ತವರು ಕಾಣೆಯಾದವರು ಸೇರಿ 11 ಜನ ಹೋದ ಮೇಲೆ ಈ ಮಾತು ಇನ್ನೂ ಜೋರಾಯಿತು. ಸ್ವಲ್ಪ ಓದಿಕೊಂಡವರು ಇದಕ್ಕೆ ಇಟಲಿಯ ಉದಾಹರಣೆಯನ್ನೂ ಸೇರಿಸುತ್ತಾರೆ: ಅಲ್ಲಿ ಭೂಕಂಪ ಹೇಳದ ವಿಜ್ಞಾನಿಗಳಿಗೆ ಜೈಲಾಯಿತಂತೆ.

ಆ ಉದಾಹರಣೆ ಅರ್ಧ ಮಾತ್ರ ನಿಜ, ಉಳಿದರ್ಧವೇ ನಮಗೆ ಬೇಕಾದದ್ದು. ಇಟಲಿಯ ಲಾಕ್ವಿಲಾ ಪಟ್ಟಣದ ಸುತ್ತ ತಿಂಗಳುಗಟ್ಟಲೆ ಸಣ್ಣ ಕಂಪನಗಳಾಗುತ್ತಿದ್ದವು. 2009ರ ಮಾರ್ಚ್ 30ರಂದು 4.1 ತೀವ್ರತೆಯದೊಂದು ಬಂತು. ಜೊತೆಗೆ ರೇಡಾನ್ ಅನಿಲ ಅಳೆಯುತ್ತಿದ್ದ ತಂತ್ರಜ್ಞರೊಬ್ಬರು ದೊಡ್ಡ ಭೂಕಂಪ ಬರುತ್ತದೆಂದು ಹೇಳುತ್ತಿದ್ದರು. ಅವರು ಹೆಸರಿಸಿದ್ದು ಸುಲ್ಮೋನಾ ಎಂಬ ಬೇರೆ ಊರನ್ನು, ಅಲ್ಲಿ ಅವರು ಹೇಳಿದ ಹೊತ್ತಿಗೆ ಏನೂ ಆಗಲಿಲ್ಲ. ಜನರ ಗಾಬರಿ ಇಳಿಸಬೇಕೆಂದು ಮಾರ್ಚ್ 31ರಂದು ಸರ್ಕಾರದ ದೊಡ್ಡ ಅಪಾಯಗಳ ಆಯೋಗದ ಸಭೆಯನ್ನು ಲಾಕ್ವಿಲಾದಲ್ಲೇ ಕರೆದರು. ಸಭೆ ನಡೆದದ್ದು ಸುಮಾರು ಒಂದು ಗಂಟೆ. ಅದಕ್ಕೂ ಮೊದಲೇ ನಾಗರಿಕ ರಕ್ಷಣಾ ಇಲಾಖೆಯ ಉಪಮುಖ್ಯಸ್ಥ ಬರ್ನಾರ್ಡೊ ಡಿ ಬರ್ನಾರ್ದಿನಿಸ್ ಟಿವಿಯವರೆದುರು, ಸಣ್ಣ ಕಂಪನಗಳಿಂದ ಶಕ್ತಿ ಬಿಡುಗಡೆಯಾಗುತ್ತಲೇ ಇದೆ, ಆದ್ದರಿಂದ ಪರಿಸ್ಥಿತಿ ಅನುಕೂಲವಾಗಿಯೇ ಇದೆ ಎಂಬರ್ಥದ ಮಾತಾಡಿದ್ದರು. ಹಾಗಾದರೆ ಒಂದು ಲೋಟ ವೈನ್ ಕುಡಿದು ಆರಾಮಾಗಿರಬಹುದೇ ಎಂದು ಕೇಳಿದ್ದಕ್ಕೆ ಹೌದೆಂದರು. ಭೂವಿಜ್ಞಾನದ ಪ್ರಕಾರ ಅದು ತಪ್ಪು ಮಾತು. ಸಣ್ಣ ಕಂಪನಗಳಿಂದ ದೊಡ್ಡ ಭೂಕಂಪದ ಶಕ್ತಿ ಖಾಲಿಯಾಗುವುದಿಲ್ಲ. ತೀವ್ರತೆಯ ಅಂಕ ಒಂದು ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ, ಹಾಗಾಗಿ 6ರ ಒಂದು ಭೂಕಂಪದ ಶಕ್ತಿ ಹೊರಹೋಗಲು 4ರವು ಸಾವಿರದಷ್ಟು ಬೇಕು.

ಏಪ್ರಿಲ್ 6ರ ಬೆಳಗಿನ ಜಾವ 3:32ಕ್ಕೆ 6.3ರ ಭೂಕಂಪವಾಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಕಂಪನ ಬಂದರೆ ಮನೆ ಬಿಟ್ಟು ಬಯಲಲ್ಲಿ ಮಲಗುವುದು ಆ ಊರಿನ ಹಳೆಯ ರೂಢಿ. ಸಮಾಧಾನದ ಮಾತು ಕೇಳಿ ಈ ಸಲ ಒಳಗೇ ಮಲಗಿದರು ಎಂದು ಸತ್ತವರ ಮನೆಯವರು ಸಾಕ್ಷಿ ಹೇಳಿದರು. 2012ರ ಅಕ್ಟೋಬರ್ 22ರಂದು ನ್ಯಾಯಾಧೀಶ ಮಾರ್ಕೊ ಬಿಲ್ಲಿ ಆರು ವಿಜ್ಞಾನ-ತಂತ್ರಜ್ಞಾನ ಪರಿಣತರಿಗೂ ಆ ಅಧಿಕಾರಿಗೂ ತಲಾ 6 ವರ್ಷ ಜೈಲು ವಿಧಿಸಿದರು. ಸರ್ಕಾರಿ ವಕೀಲರು ಕೇಳಿದ್ದು 4 ವರ್ಷ. ಆ ಪರಿಣತರಿಗೆ ಭೂಕಂಪ ಮುಂಚೆ ಹೇಳಲಾಗಲಿಲ್ಲ ಎಂಬುದಕ್ಕೆ ಈ ಶಿಕ್ಷೆಯಲ್ಲ, ಅಪಾಯವನ್ನು ಮೇಲುಮೇಲೆ ಅಂದಾಜು ಮಾಡಿ ಜನರಿಗೆ ತಪ್ಪು ಭರವಸೆ ಕೊಟ್ಟದ್ದಕ್ಕೆ ಎಂದು ತೀರ್ಪಿನ ಕಾರಣಗಳಲ್ಲೇ ಬರೆದಿದೆ. 2014ರ ನವೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಆರೂ ಜನರನ್ನು ಬಿಡುಗಡೆ ಮಾಡಿ, ಟಿವಿಯಲ್ಲಿ ಮಾತಾಡಿದ ಅಧಿಕಾರಿಗೆ ಮಾತ್ರ 2 ವರ್ಷದ ಅಮಾನತು ಶಿಕ್ಷೆ (ತಕ್ಷಣ ಜೈಲಿಗೆ ಹೋಗಬೇಕಿಲ್ಲದ್ದು) ಉಳಿಸಿತು. 2015ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಕೊನೆಗೆ ಶಿಕ್ಷೆ ಅಂತ ಉಳಿದದ್ದು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಿದವರಿಗೆ. ನಮ್ಮ ಪ್ರಕಾರ ಅಷ್ಟೇ ಸರಿ.

ಇನ್ನು ನಮ್ಮ ಗುಡ್ಡಗಳ ವಿಷಯ. ಭೂಕಂಪಕ್ಕೂ ಗುಡ್ಡ ಕುಸಿತಕ್ಕೂ ದೊಡ್ಡ ವ್ಯತ್ಯಾಸವಿದೆ: ಕುಸಿತದ ಕಾರಣ ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತದೆ. ಕರಾವಳಿಯ ಗುಡ್ಡದಲ್ಲಿ ಮೇಲೆ ಚಿರೇಕಲ್ಲಿನ ಪದರ, ಅದರ ಕೆಳಗೆ ಶೇಡಿ ಎಂಬ ಜೇಡಿಯಂಥ ಮೆದು ಮಣ್ಣು, ಅದರಡಿ ಗಟ್ಟಿ ಬಂಡೆ. ಚಿರೇಕಲ್ಲು ತೂತುತೂತಾಗಿದ್ದು ನೀರನ್ನು ಸಲೀಸಾಗಿ ಇಳಿಸುತ್ತದೆ. ಶೇಡಿ ನೀರು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಬಸಿಯಬಿಡುವುದಿಲ್ಲ. 200 ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಗೆ 8 ಲಕ್ಷ ಲೀಟರ್ ನೀರು. ಇದರಲ್ಲಿ ಒಳಗಿಳಿದ ಭಾಗ ಶೇಡಿಯ ಕಣಗಳ ನಡುವೆ ಒತ್ತಡ ಕಟ್ಟುತ್ತದೆ, ಕಣಕ್ಕೆ ಕಣ ಕಚ್ಚಿಕೊಂಡಿರುವ ಬಲ ಸಡಿಲಾಗುತ್ತದೆ, ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಆಗ ಗುಡ್ಡವನ್ನು ನಿಲ್ಲಿಸಿರುವುದು ಬುಡದ ಮಣ್ಣೊಂದೇ. ರಸ್ತೆಗೋ ಮನೆಗೋ ಜಾಗ ಮಾಡಲು ಜೆಸಿಬಿಯಲ್ಲಿ ಬುಡವನ್ನೇ ನೆಟ್ಟಗೆ ಕಡಿದಿದ್ದರೆ ಆ ಆಸರೆಯೂ ಇಲ್ಲ.

ಒಂದೇ ದಿನದ ಜಡಿಮಳೆಗಿಂತ ಅದರ ಹಿಂದಿನ ವಾರ ಹತ್ತು ದಿನ ಎಷ್ಟು ನೆನೆದಿದೆ ಎಂಬುದಕ್ಕೆ ಹೆಚ್ಚು ತೂಕ. ಜೂನ್ ಮೊದಲ ವಾರದ 150 ಮಿಮೀ ಒಣ ಗುಡ್ಡಕ್ಕೆ ಏನೂ ಮಾಡದಿರಬಹುದು. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಅದರ ಅರ್ಧದಷ್ಟೇ ಸಾಕು. ಹಾಗೆಂದು ಅಕ್ಟೋಬರ್ ಬಂತು, ಇನ್ನೇನು ಹೆದರಿಕೆ ಎನ್ನುವ ಹಾಗೂ ಇಲ್ಲ. ಕಾರವಾರದ ಕಡವಾಡದ ಝರಿವಾಡದಲ್ಲಿ 19 ಜನ ಮಣ್ಣಿನಡಿ ಸತ್ತದ್ದು 2009ರ ಅಕ್ಟೋಬರ್ 2ರಂದು, ಲಾಕ್ವಿಲಾ ಭೂಕಂಪವಾಗಿ ಆರು ತಿಂಗಳಿಗೆ. ಅಂದಹಾಗೆ ಘಟ್ಟದ ಮೇಲಿನವರಿಗೊಂದು ಮಾತು: ನೀರಿಂಗಿಸುವ ಉತ್ಸಾಹದಲ್ಲಿ ಮನೆ ಹಿಂದಿನ ಧರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ನೆತ್ತಿಯಲ್ಲಿ ಇಂಗುಗುಂಡಿ ತೆಗೆಯಬೇಡಿ. ಬ್ಯಾಣದ (ಹುಲ್ಲುಗಾವಲಿನ) ಸಮತಟ್ಟಿನಲ್ಲಿ ಅದು ಒಳ್ಳೆಯದು, ಶೇಡಿಯ ಮೇಲೆ ನಿಂತ ಇಳಿಜಾರಿನಲ್ಲಿ ಶೇಡಿಗೆ ಕೊಳವೆ ಹಾಕಿ ನೀರು ಕೊಟ್ಟಂತೆಯೇ.

ಇಷ್ಟೆಲ್ಲ ಗೊತ್ತಿದ್ದರೆ ಯಾವ ಗುಡ್ಡ, ಯಾವ ದಿನ ಎಂದು ಹೇಳಲು ಯಾಕಾಗುವುದಿಲ್ಲ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತೆಯ ನಕ್ಷೆ 1:50,000 ಪ್ರಮಾಣದ್ದು. ನಕ್ಷೆಯ 1 ಸೆಂಟಿಮೀಟರ್ ಅಂದರೆ ನೆಲದ 500 ಮೀಟರ್. ನಿಮ್ಮ ಮನೆ ಹಿಂದಿನ 30 ಮೀಟರ್ ಉದ್ದದ ಧರೆ ಅದರಲ್ಲಿ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಆ ನಕ್ಷೆ “ಈ ಸೀಮೆಯಲ್ಲಿ ಕುಸಿಯುವ ಗುಣ ಹೆಚ್ಚು” ಎನ್ನಬಲ್ಲದು, ದಿನ ಹೇಳಲಾರದು. ದಿನ ಹೇಳಲು ಆ ಇಳಿಜಾರಿನಲ್ಲೇ ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್, ವಾಲುವಿಕೆ ಅಳೆಯುವ ಉಪಕರಣ, ಹತ್ತಿರದಲ್ಲೇ ಮಳೆಮಾಪಕ, ಜೊತೆಗೆ ಹಿಂದಿನ ಕುಸಿತಗಳ ದಿನಾಂಕ ಮತ್ತು ಮಳೆಯ ದಾಖಲೆ ಬೇಕು. ಈ ಕೊನೆಯದೇ ಬಹಳ ಕಡೆ ಇಲ್ಲ, ಯಾರೂ ಸಾಯದ ಕುಸಿತವನ್ನು ಯಾರೂ ಬರೆದಿಡುವುದಿಲ್ಲ.

ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಕೋಲ್ಕತ್ತಾದಲ್ಲಿ ಉದ್ಘಾಟನೆಯಾದದ್ದು 2024ರ ಜುಲೈ 19ರಂದು, ಶಿರೂರು ಕುಸಿದ ಮೂರನೇ ದಿನ. ಮೊದಲಿಗೆ ಅದರ ಬುಲೆಟಿನ್ ಸಿಕ್ಕಿದ್ದು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿ ಜಿಲ್ಲೆಗಳಿಗೆ. ನಮಗೆ ಬರುತ್ತಿದ್ದದ್ದು ಮಳೆಯ ಮುನ್ಸೂಚನೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5ರಿಂದ 115.5 ಮಿಮೀ ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದರಾಚೆ ಅತ್ಯಂತ ಭಾರಿ. ಅದೂ ಜಿಲ್ಲೆಗೆ ಒಂದೇ ಬಣ್ಣ. ಕಾರವಾರದ ಬೈತಖೋಲಿಗೂ ಹಳಿಯಾಳದ ಹೊಲಕ್ಕೂ ಒಂದೇ ರೆಡ್ ಅಲರ್ಟ್ ಆದರೆ ಏನಾಗುತ್ತದೆಂದು ಇಲ್ಲಿನ ಶಾಲೆ ಮಕ್ಕಳಿಗೆ ಗೊತ್ತು: ರಜೆ ಕೊಟ್ಟ ದಿನ ಬಿಸಿಲು! ಅಂಕಿಗಳೂ ಕೈಕೊಡುತ್ತವೆ. 2024ರ ಜುಲೈ 30ರ ವಯನಾಡು ದುರಂತದ ನಂತರ ಕೇರಳದ ಮುಖ್ಯಮಂತ್ರಿ ಹೇಳಿದ ಪ್ರಕಾರ ಮುನ್ಸೂಚನೆ ಇದ್ದದ್ದು 115ರಿಂದ 204 ಮಿಮೀಗೆ, ಬಿದ್ದದ್ದು 48 ಗಂಟೆಯಲ್ಲಿ 572. ಮೊದಲೇ ಎಚ್ಚರಿಸಿದ್ದೆವು ಎಂದು ಕೇಂದ್ರ ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು. ಇಂಥ ಜಗಳ ತೀರ್ಮಾನವಾಗುವುದು ಯಾವ ಕಾಗದ ಎಷ್ಟು ಗಂಟೆಗೆ ಯಾರ ಕೈ ಸೇರಿತು ಎಂಬುದರ ಮೇಲೆ, ಭಾಷಣದ ಮೇಲಲ್ಲ.

ಸುಳ್ಳು ಎಚ್ಚರಿಕೆಯ ಲೆಕ್ಕ ಒಂದು ನೋಡಿ. ಊಹೆಗೆ ಒಂದು ಒಳ್ಳೆಯ ಯಂತ್ರವಿದೆ ಎನ್ನೋಣ, ಕುಸಿಯದ ದಿನ ತಪ್ಪಾಗಿ ಕೂಗುವುದು ನೂರಕ್ಕೆ ಐದೇ ಸಲ. ಒಂದು ಇಳಿಜಾರು 20 ವರ್ಷಕ್ಕೊಮ್ಮೆ ಕುಸಿಯುತ್ತದೆ, ವರ್ಷಕ್ಕೆ ಮಳೆಗಾಲ 120 ದಿನ. 20 ವರ್ಷಕ್ಕೆ 2400 ದಿನ, ಸುಳ್ಳು ಕೂಗು 120, ನಿಜದ ಕೂಗು 1. ನೂರಿಪ್ಪತ್ತು ಸಲ ದನ ಕರು, ಮುದುಕರು ಮಕ್ಕಳನ್ನು ಕರೆದುಕೊಂಡು ಶಾಲೆಯಲ್ಲಿ ಮಲಗಿ ಬಂದವರು ಮತ್ತೊಂದು ಸಲ ಹೊರಡುತ್ತಾರೆಯೇ? ಕುಸಿತ ಹೇಳದಿದ್ದರೆ ಜೈಲು ಎಂಬ ಕಾನೂನು ಬಂದರೆ ಈ 120 ಎಂಬುದು 600 ಆಗುತ್ತದೆ. ಜೈಲು ತಪ್ಪಿಸಿಕೊಳ್ಳಲು ಅತಿ ಸುಲಭದ ದಾರಿ ದಿನಾ ರೆಡ್ ಅಲರ್ಟ್ ಕೊಡುವುದು. ಇನ್ನೊಂದು ದಾರಿ ಬಾಯಿ ಮುಚ್ಚಿಕೊಂಡಿರುವುದು, ಸ್ಥಳ ಪರಿಶೀಲನೆಗೆ ಹೋಗದಿರುವುದು, ಹೋದರೂ ಬರೆಯದಿರುವುದು. ಎರಡರಲ್ಲೂ ಸಾಯುವವರು ನಾವೇ.

ನಮ್ಮ ಕಾನೂನು ಏನು ಹೇಳುತ್ತದೆ? ವಿಪತ್ತು ನಿರ್ವಹಣಾ ಕಾಯ್ದೆ, 2005ರ 74ನೇ ಕಲಂ ಬಹಳ ಜನ ಓದಿಲ್ಲ. ಸರ್ಕಾರದ, ಪ್ರಾಧಿಕಾರಗಳ ಅಧಿಕಾರಿ ನೌಕರರು ತಮ್ಮ ಹುದ್ದೆಯ ನೆಲೆಯಲ್ಲಿ ಮುಂಬರುವ ವಿಪತ್ತಿನ ಬಗ್ಗೆ ಕೊಟ್ಟ ಎಚ್ಚರಿಕೆ, ಅದರಂತೆ ಕೈಗೊಂಡ ಕ್ರಮಗಳಿಗೆ ಕಾನೂನು ಕ್ರಮದಿಂದ ರಕ್ಷಣೆ ಕೊಡುತ್ತದೆ ಅದು. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ 73ನೇ ಕಲಂ ರಕ್ಷಣೆ ಬೇರೆ. ಹಾಗಾಗಿ ಎಚ್ಚರಿಕೆ ಸುಳ್ಳಾಯಿತು ಎಂದು ಕೇಸು ಹಾಕಿದರೆ ನಿಲ್ಲುವುದು ಕಷ್ಟ. ಆದರೆ ಗಮನಿಸಿ, ಈ ಕಲಂ ಮಾತಾಡುವುದು ಕೊಟ್ಟ ಎಚ್ಚರಿಕೆಯ ಬಗ್ಗೆ. ಬಂದ ಎಚ್ಚರಿಕೆಯನ್ನು ಮೇಜಿನ ಡ್ರಾಯರಿನಲ್ಲಿಟ್ಟವನಿಗೂ ಇದೇ ಕೊಡೆ ಎಂದು ಅದರ ಪದಗಳಿಂದ ನಮಗೆ ಅನಿಸುವುದಿಲ್ಲ. ಅಂಥವರಿಗೆ 56ನೇ ಕಲಂ ಇದೆ: ಕಾಯ್ದೆಯಡಿ ವಹಿಸಿದ ಕರ್ತವ್ಯ ನಿರಾಕರಿಸಿದ ಅಥವಾ ಬಿಟ್ಟುಹೋದ ಅಧಿಕಾರಿಗೆ 1 ವರ್ಷದವರೆಗೆ ಜೈಲು ಅಥವಾ ದಂಡ. ಇಲಾಖೆಯೇ ತಪ್ಪು ಮಾಡಿದರೆ 55ನೇ ಕಲಂ ಪ್ರಕಾರ ಅದರ ಮುಖ್ಯಸ್ಥರು ಹೊಣೆ. ತಮಗೆ ಗೊತ್ತಿರಲಿಲ್ಲ ಅಥವಾ ತಕ್ಕ ಎಚ್ಚರ ವಹಿಸಿದ್ದೆವು ಎಂದು ಅವರೇ ತೋರಿಸಬೇಕು. ಈ ಎರಡಕ್ಕೂ 59ನೇ ಕಲಂ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು, ದೂರು ಇಲ್ಲೇ ಸಾಯಲೂಬಹುದು. ಸಾಮಾನ್ಯ ನಾಗರಿಕ ಕೋರ್ಟಿಗೆ ದೂರು ಕೊಡಬೇಕಾದರೆ 60ನೇ ಕಲಂ ಪ್ರಕಾರ ಮೊದಲು 30 ದಿನಕ್ಕೆ ಕಡಿಮೆಯಿಲ್ಲದ ನೋಟಿಸು ಕೊಟ್ಟಿರಬೇಕು. ನೋಟಿಸು ಕೊಡದೆ ಹೋದರೆ ವಾಪಸು ಬರಬೇಕಾಗುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವುದು 51ನೇ ಕಲಂ. ಕಾಯ್ದೆಯಡಿ ಕೊಟ್ಟ ನಿರ್ದೇಶನವನ್ನು ಸಕಾರಣವಿಲ್ಲದೆ ಪಾಲಿಸದ ಯಾರಿಗೇ ಆಗಲಿ 1 ವರ್ಷದವರೆಗೆ, ಅದರಿಂದ ಜೀವಹಾನಿಯಾದರೆ ಅಥವಾ ಜೀವಕ್ಕೆ ತಕ್ಷಣದ ಅಪಾಯ ಬಂದರೆ 2 ವರ್ಷದವರೆಗೆ ಜೈಲು. “ಯಾರಿಗೇ ಆಗಲಿ” ಎಂಬುದರಲ್ಲಿ ರಸ್ತೆ ಗುತ್ತಿಗೆದಾರರೂ ಬರುತ್ತಾರೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳು. 34ನೇ ಕಲಂ ಪ್ರಕಾರ ಅಪಾಯದ ಜಾಗದಲ್ಲಿ ವಾಹನ ಸಂಚಾರ ತಡೆಯುವ, ಜನ ಒಳಹೋಗದಂತೆ ಮಾಡುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. “ಇಂಥ ಕಿಲೋಮೀಟರಿನ ಧರೆಯನ್ನು ಇಂಥ ದಿನದೊಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಳಿಜಾರು ತಗ್ಗಿಸಿ” ಎಂಬ ಲಿಖಿತ ನಿರ್ದೇಶನ ಮೇ ತಿಂಗಳಲ್ಲಿ ಹೋಗಿದ್ದರೆ, ಜುಲೈಯಲ್ಲಿ ಕುಸಿದಾಗ ಕೇಸಿಗೆ ಬೆನ್ನೆಲುಬು ಇರುತ್ತದೆ. ಸಭೆಯಲ್ಲಿ ಬಾಯಿಮಾತಿನ ಗದರಿಕೆಯಾಗಿದ್ದರೆ ಏನೂ ಇಲ್ಲ. ಪತ್ರಿಕೆಯಲ್ಲಿ “ಅಧಿಕಾರಿಗಳಿಗೆ ತರಾಟೆ” ಎಂದು ಬಂದದ್ದು ಸಾಕ್ಷಿಯಾಗುವುದಿಲ್ಲ.

ಇದರ ಹೊರಗೆ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ, ನಿರ್ಲಕ್ಷ್ಯದಿಂದ ಸಾವು. ಹಳೆಯ ದಂಡ ಸಂಹಿತೆಯ 304ಎ ಅಡಿ 2 ವರ್ಷವಿದ್ದದ್ದು ಈಗ 5 ವರ್ಷದವರೆಗೆ. ಇದರಲ್ಲಿ ಪೊಲೀಸರೇ ಎಫ್ಐಆರ್ ಹಾಕಬಹುದು. ಆದರೆ 2005ರ ಜಾಕೋಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ನಿರ್ಲಕ್ಷ್ಯವೆಂದರೆ ಘೋರ ನಿರ್ಲಕ್ಷ್ಯವೇ ಆಗಿರಬೇಕು, ಬರೀ ಅಂದಾಜಿನ ತಪ್ಪು ಸಾಲದು ಎಂದಿದೆ. ಅದು ವೈದ್ಯರ ಪ್ರಕರಣವಾದರೂ ಮುನ್ಸೂಚಕರಿಗೆ ಅದೇ ಅಳತೆಗೋಲು ಹಿಡಿಯುವುದು ನ್ಯಾಯ. ಸರ್ಕಾರಿ ನೌಕರರ ಮೇಲಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಪ್ರಕಾರ ಅನುಮತಿ ಬೇಕಾಗಬಹುದು. ಹೊಸ ಅನುಕೂಲವೆಂದರೆ 120 ದಿನದಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ.

ವಿಜ್ಞಾನಿಗಳ ಸಂಸ್ಥೆಗೆ ಯಾವತ್ತೂ ಶಿಕ್ಷೆ ಬೇಡ ಎಂದು ನಾವೇನೂ ಹೇಳುತ್ತಿಲ್ಲ. ನ್ಯೂಜಿಲೆಂಡಿನ ವಕಾರಿ ಜ್ವಾಲಾಮುಖಿ 2019ರ ಡಿಸೆಂಬರ್ 9ರಂದು ಸಿಡಿದು 22 ಜನ ಸತ್ತರು. ಅಲ್ಲಿನ ಭೂವಿಜ್ಞಾನ ಸಂಸ್ಥೆ ಜಿಎನ್ಎಸ್ ಸೈನ್ಸ್ ಮೇಲೂ ಕೇಸಾಯಿತು, ಸಂಸ್ಥೆ ಒಂದು ಆರೋಪವನ್ನು ಒಪ್ಪಿಕೊಂಡು 54,000 ನ್ಯೂಜಿಲೆಂಡ್ ಡಾಲರ್ ದಂಡ ತೆತ್ತಿತು. ಆರೋಪ ಸ್ಫೋಟದ ದಿನ ಹೇಳಲಿಲ್ಲ ಎಂಬುದಲ್ಲ, ತನ್ನ ಸಿಬ್ಬಂದಿಯನ್ನು ದ್ವೀಪಕ್ಕೆ ಒಯ್ಯುತ್ತಿದ್ದ ಹೆಲಿಕಾಪ್ಟರ್ ಪೈಲಟ್‌ಗಳ ಜೊತೆ ತನಗೆ ಗೊತ್ತಿದ್ದ ಅಪಾಯವನ್ನು ಸರಿಯಾಗಿ ಹಂಚಿಕೊಳ್ಳಲಿಲ್ಲ ಎಂಬುದು. ಇಂಥ ಪ್ರಶ್ನೆಯನ್ನು ಇಲ್ಲೂ ಕೇಳಬಹುದು, ಕೇಳಬೇಕು: ಸಮೀಕ್ಷೆಗೆ ಬಂದ ತಂಡ ಅಪಾಯ ಎಂದು ಗುರುತಿಸಿದ ಜಾಗದ ಕೆಳಗಿನ ಮನೆಯವರಿಗೆ ಆ ಮಾತು ಮುಟ್ಟಿತೇ? ವರದಿ ಇಂಗ್ಲಿಷಿನಲ್ಲಿ ಬೆಂಗಳೂರಿಗೋ ಕಾರವಾರಕ್ಕೋ ಹೋಗಿ, ಅಲ್ಲಿಂದ ತಹಶೀಲ್ದಾರ ಕಚೇರಿಗೆ ಹೋಗಿ, ಪಂಚಾಯತಿಗೆ ಬರುವ ಹೊತ್ತಿಗೆ “ಎಚ್ಚರ ವಹಿಸುವುದು” ಎಂಬ ಎರಡು ಪದವಾಗಿ ಉಳಿದರೆ, ತಪ್ಪು ಎಲ್ಲಿ ಸೇರಿಕೊಂಡಿತೆಂದು ಕಾಗದ ಹಿಡಿದೇ ಹುಡುಕಬೇಕು.

ಆ ಕಾಗದ ಕುಸಿತದ ಮುಂಚೆಯೇ ಕೈಯಲ್ಲಿರಬೇಕು. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು, ಕೇಳುವ ರೀತಿ ಮುಖ್ಯ. “ಏನು ಕ್ರಮ ಕೈಗೊಂಡಿದ್ದೀರಿ” ಎಂದು ಕೇಳಿದರೆ “ಕ್ರಮ ಕೈಗೊಳ್ಳಲಾಗಿದೆ” ಎಂಬ ಉತ್ತರ ಬರುತ್ತದೆ. ದಾಖಲೆಯ ಪ್ರತಿ ಕೇಳಿ: ನಮ್ಮ ಗ್ರಾಮದ ಕುಸಿತ ಸಾಧ್ಯತೆಯ ಬಗ್ಗೆ ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ ಬಂದ ವರದಿಯ ಪ್ರತಿ, ಅದು ಕಚೇರಿಗೆ ಬಂದ ದಿನಾಂಕದ ಆವಕ ಪುಸ್ತಕದ ಪುಟ, ಅದರ ಮೇಲಿನ ಟಿಪ್ಪಣಿ ಹಾಳೆ, ಮುಂದೆ ಯಾರಿಗೆ ಯಾವ ಪತ್ರ ಹೋಯಿತೋ ಅದರ ಜಾವಕ ಸಂಖ್ಯೆ. ಹೆದ್ದಾರಿಯಾದರೆ ಇಳಿಜಾರಿನ ಅನುಮೋದಿತ ವಿನ್ಯಾಸ ನಕ್ಷೆ, ಸ್ವತಂತ್ರ ಇಂಜಿನಿಯರರ ಪರಿಶೀಲನಾ ವರದಿ. ನಕ್ಷೆಯಲ್ಲಿ ಮೆಟ್ಟಿಲುಗಳಿದ್ದು ಸ್ಥಳದಲ್ಲಿ ನೆಟ್ಟಗೆ ಕಡಿದಿದ್ದರೆ ವಾದಕ್ಕೆ ಬೇರೆ ಸಾಕ್ಷಿ ಹೆಚ್ಚು ಬೇಕಿಲ್ಲ. ಜೀವಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆಯ ಗಡುವು ಮಾಹಿತಿ ಹಕ್ಕು ಕಾಯ್ದೆಯ 7(1)ನೇ ಕಲಂನಲ್ಲಿದೆ. ಅರ್ಜಿಯ ತಲೆಯ ಮೇಲೇ ಅದನ್ನು ಕಾರಣ ಸಮೇತ ಬರೆಯಿರಿ, ಮಳೆಗಾಲದಲ್ಲಿ ಬರೆದರೆ ಅಲ್ಲಗಳೆಯುವುದು ಅವರಿಗೂ ಮುಜುಗರ.

ಮನೆಯ ಹತ್ತಿರದ ಸಾಕ್ಷಿ ನೀವೇ ತಯಾರಿಸಬಹುದು. ಧರೆಯ ನೆತ್ತಿಯಲ್ಲಿ ಬಿರುಕು ಕಂಡರೆ ಅದರ ಎರಡೂ ಬದಿಗೆ ಒಂದೊಂದು ಕಬ್ಬಿಣದ ಗೂಟ ಹೊಡೆದು ನಡುವಿನ ಅಂತರವನ್ನು ಬೆಳಿಗ್ಗೆ ಸಂಜೆ ಟೇಪಿನಲ್ಲಿ ಅಳೆದು ಬರೆಯಿರಿ, ಟೇಪು ಕಾಣುವಂತೆ ಫೋಟೊ ತೆಗೆಯಿರಿ. ಬಿರುಕಿನೊಳಗೆ ನೀರಿಳಿಯದಂತೆ ತಾಡಪಾಲು ಹೊದೆಸಿ, ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿ. ಅಂತರ ಒಂದೇ ದಿನದಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಹೆಚ್ಚಿತೋ, ಒರತೆಯ ತಿಳಿನೀರು ಕೆಂಪಾಯಿತೋ, ಬರುತ್ತಿದ್ದ ಒರತೆ ಮಳೆ ಹೊಡೆಯುತ್ತಿದ್ದಾಗಲೇ ನಿಂತಿತೋ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತೋ, ಆಗ ಅಳೆಯುತ್ತ ನಿಲ್ಲಬೇಡಿ, ಮನೆ ಬಿಡಿ. ಬಿಟ್ಟ ಮೇಲೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ, ಮಾಡಿದ ಹೊತ್ತು ಬರೆದಿಡಿ. ತಡೆಗೋಡೆ ಇದೆ ಎಂಬ ಧೈರ್ಯ ಬೇಡ: ನೀರು ಬಸಿಯುವ ತೂತುಗಳು ಮಣ್ಣು ಕಟ್ಟಿ ಮುಚ್ಚಿದ್ದರೆ ಗೋಡೆಯ ಹಿಂದೆ ನೀರಿನ ಒತ್ತಡ ಸೇರಿ ಗೋಡೆಯೇ ಮೊದಲು ಮಲಗುತ್ತದೆ. ಜೋರು ಮಳೆಯಲ್ಲೂ ತೂತಿನಿಂದ ಹನಿ ಬಾರದಿದ್ದರೆ ಅದು ಕೆಟ್ಟ ಲಕ್ಷಣ.

ಈ ಅಳತೆ, ಫೋಟೊಗಳನ್ನು ಲಗತ್ತಿಸಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ, ತಹಶೀಲ್ದಾರರಿಗೆ, ರಸ್ತೆಯ ಪಕ್ಕವಾದರೆ ಹೆದ್ದಾರಿಯವರಿಗೂ ಪತ್ರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲ ಎಂದರೆ ನೋಂದಣಿ ಸಹಿತ ಸ್ಪೀಡ್ ಪೋಸ್ಟ್. ನಾಳೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಹೋಗಬೇಕಾದರೂ ಮೊದಲು ಕೇಳುವುದು ಈ ಮೊಹರನ್ನೇ. ಸಾವಿಗೆ ಸಿಗುವ ವಿಪತ್ತು ನಿಧಿಯ 4 ಲಕ್ಷ ರೂಪಾಯಿಗೆ ಯಾರ ತಪ್ಪೂ ಸಾಬೀತಾಗಬೇಕಿಲ್ಲ, ಅದನ್ನು ಕೊಟ್ಟ ಮಾತ್ರಕ್ಕೆ ಹೊಣೆಯ ಪ್ರಶ್ನೆ ಮುಗಿಯುವುದೂ ಇಲ್ಲ.

ಮಾಹಿತಿ ಹಕ್ಕು ಅರ್ಜಿ ಹಾಕುವುದಿದ್ದರೆ ಫೆಬ್ರವರಿ ಮೊದಲ ವಾರವೇ ಸರಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಮೊದಲ ಮೇಲ್ಮನವಿಗೆ 30ರಿಂದ 45 ದಿನ, ಅಲ್ಲಿಗೆ ಏಪ್ರಿಲ್ ನಡುಭಾಗ ದಾಟುತ್ತದೆ. ಧರೆ ಕಡಿದು ಮೆಟ್ಟಿಲು ಮಾಡುವ, ಮೇಲೆ ನೀರಿನ ಕಾಲುವೆ ತೆಗೆಯುವ ಕೆಲಸಕ್ಕೆ ಒಣ ನೆಲ ಬೇಕು, ಇಲ್ಲಿ ಅದಕ್ಕೆ ಉಳಿಯುವುದು ಮೇ ತಿಂಗಳೊಂದೇ. ಜೂನ್‌ನಲ್ಲಿ ನೆನೆದ ಶೇಡಿಯ ಬುಡಕ್ಕೆ ಜೆಸಿಬಿ ಹಚ್ಚಿದರೆ ಮೊದಲು ಮಣ್ಣಿನಡಿ ಹೋಗುವವನು ಅದರ ಚಾಲಕ.